ಬಗ್ಸ್ ಅಂತ ಒಂದು ತಲೆಬರಹ

(1/5)
ಮೊದಲ ಫೋಟೊ ನೋಡಿ. ಕೂತಿರೋರು ಕೆನ್ ಥಾಂಪ್ಸನ್, ನಿಂತಿರೋರು ಡೆನ್ನಿಸ್ ರಿಚಿ. ಜಾಗ ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್. ಹಿಂದೆ ಬೀರು ಥರ ಕಾಣ್ತಿರೋದು ಪಿಡಿಪಿ-11 ಕಂಪ್ಯೂಟರ್. ಸ್ಕ್ರೀನ್ ಎಲ್ಲಿ ಅಂತ ಹುಡುಕಬೇಡಿ, ಇಲ್ಲ. ಥಾಂಪ್ಸನ್ ಮುಂದಿರೋದು ಟೆಲಿಟೈಪ್. ಟೈಪ್‌ರೈಟರ್ ಹಾಗೆ ಕಾಗದದ ಸುರುಳಿ ಮೇಲೆ ಅಕ್ಷರ ಕುಟ್ಟುತ್ತೆ. ವೇಗ ಸೆಕೆಂಡಿಗೆ 10 ಅಕ್ಷರ, ಅಷ್ಟೇ.

ನಿಮ್ಮ ಲಿನಕ್ಸ್ ಲ್ಯಾಬಿನಲ್ಲಿ 'ಕಾಪಿ'ಗೆ ಸಿಪಿ, 'ಮೂವ್'ಗೆ ಎಂವಿ ಅಂತ ಯಾಕಿದೆ ಅನ್ನೋದು ಈ ಫೋಟೊದಲ್ಲೇ ಇದೆ. ಒಂದೊಂದು ಕೀಗೂ ಬೆರಳಿಗೆ ಕೆಲಸ, ಒಂದೊಂದು ಅಕ್ಷರ ಅಚ್ಚಾಗೋಕೂ ಕಾಯಬೇಕು. ಹೆಸರು ಚಿಕ್ಕದಾದಷ್ಟು ಒಳ್ಳೇದು. ಆದ್ರೆ ಚಿಕ್ಕ ಹೆಸರಿನ ತೊಂದರೆ ಏನು ಗೊತ್ತಾ? ನೋಡಿದ್ರೆ ಏನೂ ಅರ್ಥ ಆಗಲ್ಲ. ಎಲ್ಲೋ ಒಂದು ಕಡೆ ಬರೆದಿಡಲೇಬೇಕು.

"ಕಮಾಂಡ್ ನೆನಪೇ ಉಳಿಯಲ್ಲ, ನಾನು ಈ ಫೀಲ್ಡಿಗೆ ಲಾಯಕ್ಕಿಲ್ವಾ?" ಅಂತ ಕೇಳೋ ಜೂನಿಯರ್‌ಗಳಿಗಾಗಿಯೇ ಈ ಸರಣಿ.

(2/5)
ಚೀಟಿ ಇಟ್ಟುಕೊಳ್ಳೋ ಅಭ್ಯಾಸ ಇವರಿಂದ ಶುರುವಾದದ್ದಲ್ಲ. 1964ರಲ್ಲಿ ಐಬಿಎಂ ತನ್ನ ಸಿಸ್ಟಮ್/360 ಯಂತ್ರಗಳನ್ನು ಘೋಷಿಸಿತು. ಅದರ ಪ್ರೋಗ್ರಾಮರ್‌ಗಳ ಹತ್ತಿರ ಮಡಚೋ ಹಸಿರು ಕಾರ್ಡ್ ಒಂದು ಇರ್ತಿತ್ತು. ಸೂಚನೆಗಳು, ಅವುಗಳ ಕೋಡ್, ಅಕ್ಷರಗಳ ಪಟ್ಟಿ ಎಲ್ಲ ಅದರಲ್ಲೇ. ನಮ್ಮ ಮಗ್ಗಿ ಪುಸ್ತಕ ಇದ್ದ ಹಾಗೆ ಅನ್ಕೊಳ್ಳಿ. ವ್ಯತ್ಯಾಸ ಏನಂದ್ರೆ, ಅದನ್ನು ಬಾಯಿಪಾಠ ಒಪ್ಪಿಸು ಅಂತ ಯಾರೂ ಬೆತ್ತ ಹಿಡ್ಕೊಂಡು ನಿಂತಿರ್ಲಿಲ್ಲ. ಮುಂದಿನ ಸಿಸ್ಟಮ್/370ಕ್ಕೆ ಕಾರ್ಡಿನ ಬಣ್ಣ ಹಳದಿ ಆಯ್ತು.

(3/5)
ಈಗ ನಿಜವಾದ ಕಥೆ.

ಪಿಡಿಪಿ-11 ಕೊಳ್ಳೋಕೆ ಬೆಲ್ ಲ್ಯಾಬ್ಸ್ ಒಪ್ಪಿದ್ದು ಆಪರೇಟಿಂಗ್ ಸಿಸ್ಟಮ್ ಬರೀತೀವಿ ಅಂದಿದ್ದಕ್ಕಲ್ಲ, ದಾಖಲೆಗಳನ್ನು ಟೈಪ್ ಮಾಡಿ ಅಂದವಾಗಿ ಜೋಡಿಸೋ ವ್ಯವಸ್ಥೆ ಮಾಡಿಕೊಡ್ತೀವಿ ಅಂದಿದ್ದಕ್ಕೆ. 1971ರ ಉತ್ತರಾರ್ಧದಲ್ಲಿ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟ್‌ಗಳು ದಿನವಿಡೀ ಅದರಲ್ಲಿ ಪೇಟೆಂಟ್ ಅರ್ಜಿ ಟೈಪ್ ಮಾಡ್ತಿದ್ರು. ಅದೇ ಯಂತ್ರದಲ್ಲಿ, ಅದೇ ಹೊತ್ತಿನಲ್ಲಿ, ಥಾಂಪ್ಸನ್ ಮತ್ತು ರಿಚಿ ಯುನಿಕ್ಸ್ ಕಟ್ತಿದ್ರು. ಒಬ್ಬರ ಪ್ರೋಗ್ರಾಂ ಇನ್ನೊಬ್ಬರ ಮೆಮೊರಿಗೆ ಕೈಹಾಕದಂತೆ ತಡೆಯೋ ಏರ್ಪಾಡು ಆ ಯಂತ್ರದಲ್ಲಿ ಇರ್ಲಿಲ್ಲ. ಇವರ ಹೊಸ ಪ್ರೋಗ್ರಾಂ ಎಡವಿದ್ರೆ ಟೈಪಿಸ್ಟ್‌ಗಳ ಕೆಲಸವೂ ಹೋಯ್ತು ಅಂತ ಅರ್ಥ.

ಹೀಗಿರುವಾಗ ಅವರ ಮೇಲಧಿಕಾರಿ ಡಗ್ ಮ್ಯಾಕಿಲ್‌ರಾಯ್ ಹಟ ಹಿಡಿದರು: ಇದಕ್ಕೆ ಮ್ಯಾನ್ಯುಯಲ್ ಬೇಕೇ ಬೇಕು. 1971ರ ನವೆಂಬರ್ 3ರ ದಿನಾಂಕ ಹೊತ್ತ ಮೊದಲ ಯುನಿಕ್ಸ್ ಪ್ರೋಗ್ರಾಮರ್ಸ್ ಮ್ಯಾನ್ಯುಯಲ್ ಬಂದದ್ದು ಹೀಗೆ. 60ಕ್ಕೂ ಹೆಚ್ಚು ಕಮಾಂಡ್‌ಗಳು. ಒಂದೊಂದಕ್ಕೂ ಸ್ವಂತ ಪುಟ, ಅದರ ನೆತ್ತಿಯಲ್ಲಿ ಬರೆದ ದಿನಾಂಕ. ತಲೆಬರಹಗಳೂ ನಿಗದಿ: ಹೆಸರು, ಬಳಸೋ ರೂಪ, ವಿವರಣೆ, ಸಂಬಂಧಪಟ್ಟ ಫೈಲುಗಳು, ಇದನ್ನೂ ನೋಡಿ, ತಪ್ಪಿದಾಗ ಬರೋ ಸಂದೇಶಗಳು, ಬಗ್ಸ್. ಕೊನೆಗೆ 'ಓನರ್', ಅಂದ್ರೆ ಇದನ್ನು ನೋಡಿಕೊಳ್ಳೋರು ಯಾರು ಅಂತ. ಅಲ್ಲಿ 'ಕೆನ್' ಅಥವಾ 'ಡಿಎಂಆರ್' ಅಂತಿರ್ತಿತ್ತು. ಡಿಎಂಆರ್ ಅಂದ್ರೆ ರಿಚಿ. ಬೈಯೋಕೆ ಯಾರ ಟೇಬಲ್ ಹತ್ತಿರ ಹೋಗಬೇಕು ಅಂತ ಪುಟವೇ ಹೇಳ್ತಿತ್ತು!

ನನಗೆ ತುಂಬ ಇಷ್ಟವಾದದ್ದು 'ಬಗ್ಸ್'. ಯಾವ ಕಂಪನಿಯ ಕೈಪಿಡಿಯಲ್ಲಿ ಸ್ವಾಮಿ, 'ನಮ್ಮ ಸಾಮಾನಿನ ದೋಷಗಳು' ಅಂತ ಪ್ರತಿ ಪುಟದಲ್ಲೂ ಜಾಗ ಬಿಟ್ಟಿರ್ತಾರೆ? ಇವರು ಬಿಟ್ಟರು. ರಿಚಿ ಮುಂದೆ ನೆನಪಿಸಿಕೊಂಡ ಹಾಗೆ, ಅದರಿಂದ ಒಂದು ವಿಚಿತ್ರ ಆಯ್ತು. ಆ ತಲೆಬರಹದ ಕೆಳಗೆ ದೋಷ ಬರೆಯೋಕೆ ಕೂತರೆ, ಇದನ್ನು ಹೇಗಪ್ಪಾ ಬರೆಯೋದು ಅಂತ ನಾಚಿಕೆ ಆಗ್ತಿತ್ತಂತೆ. ಬರೆಯೋದು ಬಿಟ್ಟು ಕೋಡನ್ನೇ ಸರಿ ಮಾಡಿಬಿಡ್ತಿದ್ರಂತೆ. ಹೀಗೆ ಲೆಕ್ಕವಿಲ್ಲದಷ್ಟು ದೋಷಗಳು ಸರಿಹೋದವು. ನೋಟ್ಸ್ ಅಂದ್ರೆ ಕೆಲಸ ಮುಗಿದ ಮೇಲೆ ಬರೆಯೋದು ಅನ್ಕೊಂಡಿದ್ದೀವಲ್ಲ, ಇಲ್ಲಿ ನೋಟ್ಸೇ ಕೆಲಸವನ್ನು ತಿದ್ದಿತು.

(4/5)
ಆಮೇಲೆ ಪುಟಗಳು ಬೆಳೆದವು. ಹುಡುಕೋದೇ ಕಷ್ಟ ಆಯ್ತು. ಕಮಾಂಡಿನ ಹೆಸರೇ ಮರೆತಿದ್ರೆ ವಿಷಯ ಕೊಟ್ಟು ಹುಡುಕೋಕೆ 'ಅಪ್ರೊಪೊ' ಅಂತ ಒಂದು ಕಮಾಂಡ್ ಇದೆಯಲ್ಲ, ಅದನ್ನು 1979ರಲ್ಲಿ ಬರೆದವರು ಬರ್ಕ್ಲಿಯ ಬಿಲ್ ಜಾಯ್. ಅದೇ ವರ್ಷ ಯುನಿಕ್ಸಿನ ಏಳನೇ ಆವೃತ್ತಿಯ ಜೊತೆ 'ಟಾರ್' ಬಂತು. ಅದರ ಆಪ್ಷನ್‌ಗಳು ಇವತ್ತಿಗೂ ಜನರ ನಾಲಿಗೆ ಮೇಲೆ ನಿಲ್ಲಲ್ಲ. ಎಕ್ಸ್‌ಕೆಸಿಡಿ ಕಾರ್ಟೂನಿನಲ್ಲಿ ಬಾಂಬ್ ನಿಲ್ಲಿಸೋಕೆ ಗೂಗಲ್ ಮಾಡದೆ ಒಂದು ಸರಿಯಾದ ಟಾರ್ ಕಮಾಂಡ್ ಹೊಡೀಬೇಕು ಅಂದಾಗ ಯುನಿಕ್ಸ್ ಬಲ್ಲವನೂ ಕಂಗಾಲಾಗ್ತಾನೆ.

ಗ್ನೂ ಯೋಜನೆಯವರು ಇನ್ನೊಂದು ದಾರಿ ಹಿಡಿದರು. ಪೂರ್ತಿ ಪುಸ್ತಕದಂಥ 'ಇನ್ಫೊ' ದಾಖಲೆಗಳೇ ಮುಖ್ಯ, ಮ್ಯಾನ್ ಪುಟ ಎರಡನೇ ದರ್ಜೆ ಅಂದರು. ಇದು ನನಗೆ ಒಪ್ಪಿಗೆ ಇಲ್ಲ. ಪುಸ್ತಕ ಓದೋ ಹೊತ್ತೇ ಬೇರೆ, ಕಮಾಂಡ್ ಅರ್ಧ ಹೊಡೆದು ನಿಂತಿರೋ ಹೊತ್ತೇ ಬೇರೆ. ಇತ್ತ ಮ್ಯಾನ್ ಪುಟವೂ ಉಬ್ಬಿತು. 'ಮ್ಯಾನ್ ಬ್ಯಾಶ್' ಅಂತ ಹೊಡೆದು ಕೊನೆ ತನಕ ಸ್ಕ್ರೋಲ್ ಮಾಡಿ ನೋಡಿ, ಚಹಾ ಆರುತ್ತೆ. ಮೊದಲ ಮ್ಯಾನ್ಯುಯಲ್‌ನ ಪಟ್ಟಿಯಲ್ಲೂ 'ಉದಾಹರಣೆ' ಅನ್ನೋ ತಲೆಬರಹ ಇರ್ಲಿಲ್ಲ ಅನ್ನೋದನ್ನು ಗಮನಿಸಿದ್ರಾ? ಆ ಖಾಲಿ ಜಾಗ ತುಂಬೋಕೆ 2013ರ ಸುಮಾರಿಗೆ 'ಚೀಟ್', 'ಟಿಎಲ್‌ಡಿಆರ್' ಯೋಜನೆಗಳು ಹುಟ್ಟಿದವು. ಒಂದು ಕಮಾಂಡ್, ಕೆಳಗೆ ನಾಲ್ಕಾರು ಉದಾಹರಣೆ, ಅಷ್ಟೇ. ಬರೆಯೋರು ಬಳಸೋ ಜನರೇ.

(5/5)
ಹಾಗಾದ್ರೆ ಸ್ವಂತ ನೋಟ್ಸ್ ಬೇಕಾ? ಬೇಕು. ಟಿಎಲ್‌ಡಿಆರ್‌ಗೆ ಕಮಾಂಡ್ ಗೊತ್ತು, ನೀವು ಎಲ್ಲಿ ಎಡವುತ್ತೀರಿ ಅಂತ ಗೊತ್ತಿಲ್ಲ. ಯಾವುದೋ ಚಾಟ್‌ನಿಂದ ಕಾಪಿ ಮಾಡಿ ಅಂಟಿಸಿದ ಸಾಲಿಗಂತೂ ದಿನಾಂಕವೂ ಇಲ್ಲ, ಓನರೂ ಇಲ್ಲ.

1971ರ ಪುಟದ ಅಳತೆಯನ್ನೇ ಇಟ್ಕೊಳ್ಳಿ. ಒಂದು ಸಾದಾ ಟೆಕ್ಸ್ಟ್ ಫೈಲ್ ಸಾಕು. ಹೆಸರು, ಏನು ಮಾಡುತ್ತೆ ಅಂತ ಕನ್ನಡದಲ್ಲಿ ಒಂದು ಸಾಲು, ನಿಮ್ಮ ಕೈಯಲ್ಲಿ ನಿಜವಾಗಿ ಓಡಿದ ಒಂದು ಉದಾಹರಣೆ, ದಿನಾಂಕ. ಕೆಳಗೆ 'ಬಗ್ಸ್'. ಅಲ್ಲಿ ಕಮಾಂಡಿನ ದೋಷದ ಜೊತೆ ನಮ್ಮ ಕೈ ಜಾರೋ ಜಾಗಗಳೂ ಇರಲಿ. ಉದಾಹರಣೆಗೆ: ಆರ್‌ಸಿಂಕ್‌ನಲ್ಲಿ ಮೂಲ ಫೋಲ್ಡರಿನ ಕೊನೆಗೆ ಓರೆಗೆರೆ ಇದ್ದರೆ ಒಳಗಿರೋದಷ್ಟೇ ಹೋಗುತ್ತೆ, ಇಲ್ಲದಿದ್ರೆ ಫೋಲ್ಡರೇ ಹೋಗುತ್ತೆ. 'ಸೆಡ್'ನಲ್ಲಿ ಫೈಲನ್ನು ಅಲ್ಲೇ ತಿದ್ದೋ ಆಪ್ಷನ್ ಲಿನಕ್ಸ್‌ನಲ್ಲಿ ಒಂದು ಥರ, ಮ್ಯಾಕ್‌ನಲ್ಲಿ ಇನ್ನೊಂದು ಥರ.

ನಿಮ್ಮ ಫೈಲಿನ 'ಬಗ್ಸ್' ಸಾಲುಗಳಲ್ಲಿ ಒಂದನ್ನು ಕಾಮೆಂಟಿನಲ್ಲಿ ಹಾಕಿ. ಮುಂದಿನ ವಾರ ಬರೀ 'ಟಾರ್'.

#ಕಂಪ್ಯೂಟರ್_ಚರಿತ್ರೆ #ಕಮಾಂಡ್_ಲೈನ್ #ಕನ್ನಡದಲ್ಲಿ_ಟೆಕ್