ಅಂಬಾಸಿಡರ್ ಕಾರಿನ ಪೂರ್ವೋತ್ತರ

ಹೊಯ್ಸಳರ ಕಾಲದಲ್ಲಿ ಸಂತೆಗೆ ಬರುವ ಹೇರಿಗೆ ಎಷ್ಟು ಸುಂಕವಿತ್ತೆಂಬುದನ್ನು ಶಾಸನಗಳಿಂದ ಹೆಕ್ಕಿ ಹೇಳಬಲ್ಲ ವಿದ್ವಾಂಸರು ನಮ್ಮ ನಾಡಿನಲ್ಲಿ ಹಲವರುಂಟು. ಆದರೆ ನಮ್ಮ ತಂದೆ ತಾತಂದಿರನ್ನು ಮದುವೆಯ ದಿಬ್ಬಣಕ್ಕೂ ದೊಡ್ಡಾಸ್ಪತ್ರೆಗೂ ಒಯ್ದ ಮೋಟಾರು ಗಾಡಿ ಎಲ್ಲಿಂದ ಬಂದಿತು, ಒಂದು ಲೀಟರು ಪೆಟ್ರೋಲಿಗೆ ಎಷ್ಟು ದೂರ ಓಡುತ್ತಿತ್ತು, ಕೆಟ್ಟು ನಿಂತರೆ ಅದನ್ನು ಸರಿಪಡಿಸುತ್ತಿದ್ದವರು ಯಾರು ಎಂದು ಕೇಳಿದರೆ ಬರೆಹದಲ್ಲಿ ಉತ್ತರ ದೊರೆಯುವುದು ದುರ್ಲಭ. ಅಂತಹ ಗಾಡಿಗಳಲ್ಲಿ ಮುಖ್ಯವಾದ ಅಂಬಾಸಿಡರ್ ಕಾರಿನ ವಿಷಯವಾಗಿ ಕೆಲವು ಮಾತುಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಸುಮಾರು ಮೂವತ್ತು ವರ್ಷಗಳ ಕಾಲ ಈ ದೇಶದ ಗೃಹಸ್ಥನು ಯಾವ ಕಾರನ್ನು ಕೊಳ್ಳಬಹುದೆಂಬುದನ್ನು ಅವನಲ್ಲದೆ ಬೇರೆಯವರು ನಿಶ್ಚಯಿಸಿದರು. ಆ ನಿಶ್ಚಯದ ವೆಚ್ಚವನ್ನು ತೆತ್ತವರು ಯಾರೆಂಬುದೇ ಇಲ್ಲಿ ವಿಚಾರಿಸತಕ್ಕ ಅಂಶ.

ಈ ಕಥೆಗೆ ನಮ್ಮ ನಾಡಿನಲ್ಲಿಯೇ ಒಂದು ಪೀಠಿಕೆಯುಂಟು. ಭಾರತದಲ್ಲಿ ಕಾರುಗಳನ್ನು ಜೋಡಿಸುವ ಕೆಲಸವನ್ನು ಮೊದಲು ಕೈಗೊಂಡವರು ಪರದೇಶದವರು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ ೧೯೨೮ರಲ್ಲಿ ಮುಂಬಯಿಯಲ್ಲಿ ಜೋಡಣೆಯನ್ನು ಆರಂಭಿಸಿತು. ಭಾಗಗಳು ಪೆಟ್ಟಿಗೆಗಳಲ್ಲಿ ಹಡಗಿನ ಮೇಲೆ ಬರುತ್ತಿದ್ದವು, ಇಲ್ಲಿ ತಿರುಪು ಬಿಗಿಯುತ್ತಿದ್ದರು. ಇದು ಸಾಲದು, ಯಂತ್ರವನ್ನೇ ಇಲ್ಲಿ ಎರಕ ಹೊಯ್ಯಬೇಕು ಎಂದು ಹಟ ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರು ೧೯೩೫ರಲ್ಲಿ ಯೂರೋಪು ಅಮೆರಿಕಗಳಿಗೆ ಹೋಗಿ ಅಲ್ಲಿಯ ಕಾರ್ಖಾನೆಗಳನ್ನು ಕಣ್ಣಾರೆ ನೋಡಿ, ಹಿಂದಿರುಗಿ ಒಂದು ಯೋಜನೆಯನ್ನು ಸಿದ್ಧಪಡಿಸಿದರು. ವಾಲ್‌ಚಂದ್ ಹೀರಾಚಂದರು ಅದರ ಭಾರವನ್ನು ಹೊತ್ತರು. ಮೈಸೂರು ಸಂಸ್ಥಾನವೂ ಆಸಕ್ತಿ ತೋರಿತು. ಭಾರತ ಸರ್ಕಾರ ಮಾತ್ರ ಕೈಗೊಡಲಿಲ್ಲ. ಯುದ್ಧಕಾಲಕ್ಕೆ ಇದು ಅವಶ್ಯಕವಲ್ಲವೆಂಬ ಉತ್ತರ ಬಂದಿತು. ಅದೇ ವಾಲ್‌ಚಂದರು ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ತೆರೆದರು. ರಸ್ತೆಯ ಮೇಲಿನ ಗಾಡಿಗೆ ದೊರೆಯದ ಅನುಮತಿ ಆಕಾಶದ ಗಾಡಿಗೆ ದೊರೆತದ್ದು ವಿಚಿತ್ರವೇ ಸರಿ. ಅವರ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆ ೧೯೪೪ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಯಿತು. ಮುಂದೆ ಫಿಯಟ್ ಕಾರುಗಳನ್ನು ಮಾಡಿದುದು ಇದೇ.

ಇದಕ್ಕೆ ಎರಡು ವರ್ಷ ಮೊದಲೇ, ೧೯೪೨ರಲ್ಲಿ, ಬಿರ್ಲಾ ಮನೆತನದವರು ಹಿಂದೂಸ್ತಾನ್ ಮೋಟಾರ್ಸ್ ಎಂಬ ಕಂಪನಿಯನ್ನು ಗುಜರಾತಿನ ಓಖಾ ಬಂದರಿನಲ್ಲಿ ಆರಂಭಿಸಿದ್ದರು. ಅದು ೧೯೪೮ರಲ್ಲಿ ಬಂಗಾಳದ ಉತ್ತರಪಾಡಾಕ್ಕೆ ಬಂದು ನೆಲೆಸಿತು. ಇಂಗ್ಲೆಂಡಿನ ಮಾರಿಸ್ ಕಾರುಗಳನ್ನು ಹಿಂದೂಸ್ತಾನ್ ಎಂಬ ಹೆಸರಿನಲ್ಲಿ ಮಾಡುವುದು ಅದರ ಕ್ರಮವಾಗಿತ್ತು. ೧೯೫೪ರಲ್ಲಿ ಬಂದ ಲ್ಯಾಂಡ್‌ಮಾಸ್ಟರು ಮಾರಿಸ್ ಆಕ್ಸ್‌ಫರ್ಡಿನ ಎರಡನೆಯ ಶ್ರೇಣಿಯ ರೂಪಾಂತರ; ೧೯೫೭-೫೮ರ ಸಂಧಿಯಲ್ಲಿ ಬಂದ ಅಂಬಾಸಿಡರು ಮೂರನೆಯ ಶ್ರೇಣಿಯದು. ಇಂಗ್ಲೆಂಡಿನಲ್ಲಿ ಆ ಮೂರನೆಯ ಶ್ರೇಣಿಯ ಆಯುಸ್ಸು ೧೯೫೬ರಿಂದ ೧೯೫೯ರವರೆಗೆ, ಕೇವಲ ಮೂರು ವರ್ಷ. ತಾಯ್ನಾಡಿನಲ್ಲಿ ಮೂರು ವರ್ಷ ಬಾಳಿದ ಆಕೃತಿ ನಮ್ಮಲ್ಲಿ ಐವತ್ತಾರು ವರ್ಷ ಬಾಳಿತು.

ಇಷ್ಟು ದೀರ್ಘವಾದ ಬಾಳಿಗೆ ಕಾರಣ ಗಾಡಿಯ ಗುಣವೊಂದೇ ಎನ್ನುವುದಕ್ಕಾಗದು. ದೇಶದಲ್ಲಿಯೇ ಭಾಗಗಳನ್ನು ತಯಾರಿಸುವ ಕಾರ್ಯಕ್ರಮವಿಲ್ಲದ ಕಂಪನಿಗಳಿಗೆ ಇಲ್ಲಿ ಅವಕಾಶವಿರಬಾರದೆಂದು ಸುಂಕ ಆಯೋಗವು ೧೯೫೩ರಲ್ಲಿ ಸಲಹೆ ಮಾಡಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಸಂಸ್ಥೆಗಳು ಗಂಟುಮೂಟೆ ಕಟ್ಟಿದವು. ಉತ್ತರಪಾಡಾದ ಅಂಬಾಸಿಡರು, ಮುಂಬಯಿಯ ಫಿಯಟ್ಟು, ಮದರಾಸಿನ ಸ್ಟ್ಯಾಂಡರ್ಡು, ಈ ಮೂರೇ ಕೊಳ್ಳುವವನ ಮುಂದೆ ಉಳಿದವು. ೧೯೫೯ರಲ್ಲಿ ಕಾರುಗಳ ಹಂಚಿಕೆ ಮತ್ತು ಮಾರಾಟಕ್ಕೆ ನಿಯಂತ್ರಣದ ಆಜ್ಞೆ ಬಂದಿತು. ೧೯೬೯ರಲ್ಲಿ ಸರ್ಕಾರ ಶಾಸನಬದ್ಧವಾಗಿ ಬೆಲೆಯನ್ನೂ ಕಟ್ಟಿತು. ಕಂಪನಿಗಳು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದವು. ಎಷ್ಟು ಕಾರುಗಳನ್ನು ಮಾಡಬಹುದೆಂಬುದಕ್ಕೂ ಲೈಸೆನ್ಸಿನ ಮಿತಿಯಿತ್ತು. ಇದರ ಫಲವಾಗಿ ಹಣ ಕಟ್ಟಿದವನು ವರ್ಷಗಟ್ಟಲೆ ಕಾಯಬೇಕಾಯಿತು. ಒಬ್ಬನು ಬಳಸಿದ ಕಾರು ಹೊಸ ಕಾರಿಗಿಂತ ಹೆಚ್ಚಿನ ಬೆಲೆಗೆ ಮಾರಿಹೋಗುವ ವಿಪರೀತವೂ ನಡೆಯಿತು. ಹಳೆಯ ಎತ್ತಿಗೆ ಹೋರಿಯ ಬೆಲೆಗಿಂತ ಹೆಚ್ಚು ಕೊಡುವ ರೈತನನ್ನು ನಾವು ಯಾವ ಜಾತ್ರೆಯಲ್ಲಿಯೂ ಕಾಣೆವು. ಮಾಡಿದುದೆಲ್ಲ ಮಾರಾಟವಾಗುತ್ತಿರುವಾಗ ತಿದ್ದಿ ಮಾಡುವ ಶ್ರಮವನ್ನು ಯಾವ ವರ್ತಕನು ತಾನೆ ವಹಿಸುವನು? ೧೯೬೦ರ ದಶಕದ ಉತ್ತರಾರ್ಧದಲ್ಲಿ ಕಾರುಗಳ ಗುಣವನ್ನು ಕುರಿತು ದೂರುಗಳು ಹೆಚ್ಚಿ ಸರ್ಕಾರವೇ ವಿಚಾರಣಾ ಸಮಿತಿಯೊಂದನ್ನು ನೇಮಿಸಬೇಕಾಯಿತೆಂಬುದು ಇದಕ್ಕೆ ಸಾಕ್ಷಿ.

ಇನ್ನು ಗಾಡಿಯ ಸ್ವರೂಪವನ್ನು ನೋಡೋಣ. ಮೊದಲ ಅಂಬಾಸಿಡರುಗಳಲ್ಲಿ ಲ್ಯಾಂಡ್‌ಮಾಸ್ಟರಿನ ೧೪೭೬ ಘನ ಸೆಂಟಿಮೀಟರಿನ, ಪಕ್ಕದಲ್ಲಿ ಕವಾಟಗಳುಳ್ಳ ಹಳೆಯ ಎಂಜಿನು ಇತ್ತು. ೧೯೫೯ರಲ್ಲಿ ಅದರ ಸ್ಥಾನಕ್ಕೆ ೧೪೮೯ ಘನ ಸೆಂಟಿಮೀಟರಿನ, ನೆತ್ತಿಯಲ್ಲಿ ಕವಾಟಗಳುಳ್ಳ ಎಂಜಿನು ಬಂದಿತು. ಇದರ ಶಕ್ತಿ ಸುಮಾರು ೫೫ ಅಶ್ವಬಲ. ಇದೇ ಕುಲದ ಎಂಜಿನು ಇಂಗ್ಲೆಂಡಿನಲ್ಲಿ ಎಂ.ಜಿ. ಎಂಬ ಪಂದ್ಯದ ಕಾರಿನಲ್ಲಿಯೂ ಇತ್ತೆಂದರೆ ನಮ್ಮ ಟ್ಯಾಕ್ಸಿಯವರು ನಂಬಲಾರರು. ಮುಂದಿನ ಚಕ್ರಗಳಿಗೆ ತಿರುಚುವ ಉಕ್ಕಿನ ಸಲಾಕೆಗಳ ಆಧಾರ, ಹಿಂದಿನವಕ್ಕೆ ಎತ್ತಿನ ಬಂಡಿಯವರಿಗೂ ಅರ್ಥವಾಗುವ ಪಟ್ಟೆಯ ಸ್ಪ್ರಿಂಗು. ಹಳ್ಳದಲ್ಲಿ ಬಿದ್ದು ಎದ್ದು ಹೋಗುವುದಕ್ಕೆ ಇದಕ್ಕಿಂತ ತಕ್ಕ ಏರ್ಪಾಡು ಆ ಕಾಲದಲ್ಲಿ ಬೇರೆ ಇರಲಿಲ್ಲವೆಂದು ಧಾರಾಳವಾಗಿ ಒಪ್ಪಬಹುದು. ಪೇಟ ಸುತ್ತಿದವರೂ ತಲೆ ತಗ್ಗಿಸದೆ ಕುಳಿತುಕೊಳ್ಳಬಹುದಾದಷ್ಟು ಎತ್ತರದ ಚಾವಣಿ. ಮುಂದಿನ ಆಸನ ಬೆಂಚಿನಂತೆ ಒಂದೇ. ಮಲೆನಾಡಿನ ಬಾಡಿಗೆ ಕಾರುಗಳಲ್ಲಿ ಅದರ ಮೇಲೆ ನಾಲ್ವರು ಕುಳಿತು, ಚಾಲಕನು ಬಾಗಿಲಿಗೆ ಒತ್ತಿಕೊಂಡು, ಅರ್ಧ ದೇಹದಿಂದ ಗಾಡಿ ನಡೆಸುವುದು ಸಾಮಾನ್ಯವಾಗಿತ್ತು.

ಬೆಂಚಿಗೆ ಅಡ್ಡಿಯಾಗದಿರಲೆಂದು ಗೇರಿನ ಕೋಲನ್ನು ಸ್ಟಿಯರಿಂಗಿನ ಕಂಬಕ್ಕೆ ಜೋಡಿಸಿದ್ದರು. ಈ ಕೋಲಿನಿಂದ ಗೇರುಪೆಟ್ಟಿಗೆಯವರೆಗೆ ಹೋಗುವ ಸಲಾಕೆಗಳೂ ಕೀಲುಗಳೂ ಸವೆದ ಮೇಲೆ ಒಂದನೆಯ ಎರಡನೆಯ ಗೇರುಗಳ ನಡುವೆ ಕೋಲು ಸಿಕ್ಕಿಬೀಳುತ್ತಿತ್ತು. ಆಗ ಚಾಲಕನು ಇಳಿದು, ಬಾನೆಟ್ಟನ್ನೆತ್ತಿ, ಕೈಹಾಕಿ ಕೀಲನ್ನು ಬಿಡಿಸಿ, ಏನೂ ಆಗದವನಂತೆ ಮತ್ತೆ ಬಂದು ಕೂರುತ್ತಿದ್ದನು. ದೀಪವನ್ನು ತಗ್ಗಿಸುವ ಗುಂಡಿ ಎಡಗಾಲಿನ ಬಳಿ ನೆಲದಲ್ಲಿ. ಬ್ಯಾಟರಿ ಸೋತರೆ ಮುಂದಿನಿಂದ ತೂರಿಸಿ ತಿರುಗಿಸುವ ಹ್ಯಾಂಡಲು. ಅದನ್ನು ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಡಬೇಕು, ಇಲ್ಲವಾದರೆ ಎಂಜಿನು ಹಿಮ್ಮೆಟ್ಟಿ ಒದೆದಾಗ ಬೆರಳು ಮುರಿಯುವುದು. ಹಾರನ್ನೊಂದನ್ನುಳಿದು ಈ ಗಾಡಿಯ ಸಕಲ ಭಾಗಗಳೂ ಶಬ್ದ ಮಾಡುತ್ತವೆಂಬ ಹಾಸ್ಯೋಕ್ತಿ ದೇಶದಲ್ಲೆಲ್ಲ ಹಬ್ಬಿತ್ತು.

ಬೇಸಗೆಯಲ್ಲಿ ಇದರ ಸ್ವಭಾವವೇ ಬೇರೆ. ಆಗುಂಬೆ, ಚಾರ್ಮಾಡಿ, ಶಿರಾಡಿಯಂತಹ ಘಟ್ಟಗಳಲ್ಲಿ ತುಂಬಿದ ಗಾಡಿ ಕೆಳಗಿನ ಗೇರಿನಲ್ಲಿ ನಿಧಾನವಾಗಿ ಏರುವಾಗ ಎದುರುಗಾಳಿ ಸಾಲದೆ ರೇಡಿಯೇಟರಿನ ನೀರು ಕುದಿಯುತ್ತಿತ್ತು. ಡಿಕ್ಕಿಯಲ್ಲಿ ನೀರಿನ ಡಬ್ಬಿಯಿಲ್ಲದೆ ಘಟ್ಟ ಹತ್ತುವವನನ್ನು ಅನುಭವಸ್ಥರು ಹುಂಬನೆಂದು ಎಣಿಸುತ್ತಿದ್ದರು. ಬಿಸಿಗೆ ಪೆಟ್ರೋಲು ನಳಿಗೆಯಲ್ಲಿಯೇ ಆವಿಯಾಗಿ, ಪಂಪು ಆವಿಯನ್ನೆಳೆಯಲಾರದೆ, ಗಾಡಿ ಫಕ್ಕನೆ ನಿಂತುಬಿಡುವುದೂ ಉಂಟು. ಇದಕ್ಕೆ ಮದ್ದು ಒದ್ದೆ ಬಟ್ಟೆ. ಬಟ್ಟೆಯನ್ನು ಪಂಪಿಗೆ ಸುತ್ತಿ, ನೆರಳಿನಲ್ಲಿ ಹತ್ತು ನಿಮಿಷ ಕುಳಿತರೆ ಆವಿ ತಣಿದು ದ್ರವವಾಗುವುದು, ಗಾಡಿ ಹೊರಡುವುದು. ಜ್ವರದವನ ಹಣೆಗೆ ತಣ್ಣೀರ ಬಟ್ಟೆ ಹಾಕುವ ಮನೆಮದ್ದಿಗೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ರಿಪೇರಿಯ ವಿಷಯಕ್ಕೆ ಬಂದರೆ ಈ ಕಾರಿನ ನಿಜವಾದ ಮಹಿಮೆ ತೋರುತ್ತದೆ. ೧೯೬೩ರ ಸುಮಾರಿನ ಎರಡನೆಯ ಮಾರ್ಕು, ೧೯೭೫ರ ಮೂರನೆಯದು, ೧೯೭೯ರ ನಾಲ್ಕನೆಯದು ಎಂದು ಹೆಸರುಗಳು ಬದಲಾದವೇ ಹೊರತು ಬದಲಾವಣೆ ಹೆಚ್ಚಾಗಿ ಮುಂಭಾಗದ ಜಾಲರಿಯಲ್ಲಿಯೂ ದೀಪಗಳಲ್ಲಿಯೂ ನಿಂತಿತು. ಒಂದು ವರ್ಷದ ಗಾಡಿಯ ಭಾಗವನ್ನು ಇನ್ನೊಂದು ವರ್ಷದ್ದಕ್ಕೆ ಹಾಕಬಹುದು. ಇದರಿಂದ ಒಂದು ವಿದ್ಯೆ ಬೆಳೆಯಿತು. ಅದಕ್ಕೆ ಶಾಲೆಯಿರಲಿಲ್ಲ, ಪುಸ್ತಕವಿರಲಿಲ್ಲ. ಹನ್ನೆರಡು ವರ್ಷದ ಹುಡುಗನು ಮೇಸ್ತ್ರಿಯ ಬಳಿ ಸ್ಪ್ಯಾನರು ಎತ್ತಿಕೊಡುವ ಕೆಲಸಕ್ಕೆ ಸೇರಿ, ಮೊದಲು ಗ್ರೀಸು ಹಚ್ಚುವುದು, ಅನಂತರ ಪ್ಲಗ್ಗು ಉಜ್ಜುವುದು, ಬಳಿಕ ವಾಲ್ವು ಅರೆಯುವುದು, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಹತ್ತು ವರ್ಷಗಳಲ್ಲಿ ತಾನೇ ಮೇಸ್ತ್ರಿಯಾಗುತ್ತಿದ್ದನು. ಕಿಡಿ ಹಂಚುವ ಪೆಟ್ಟಿಗೆಯೊಳಗಿನ ಪಾಯಿಂಟುಗಳ ಬಿಡುವು ಒಂದು ಅಂಗುಲದ ಸಾವಿರದಲ್ಲಿ ೧೫ ಭಾಗ ಇರಬೇಕು. ಅಳತೆಯ ಪಟ್ಟಿ ಇಲ್ಲದೆ ಕಣ್ಣಂದಾಜಿನಿಂದಲೇ ಇದನ್ನು ಇಡಬಲ್ಲವರು ಇದ್ದರು. ಮುಂದಿನ ಚಕ್ರಗಳ ಕಿಂಗ್‌ಪಿನ್ನುಗಳಿಗೆ ಗ್ರೀಸು ತಪ್ಪಿದರೆ ಅವು ಬೇಗ ಸವೆದು ಸ್ಟಿಯರಿಂಗು ಅಲುಗುವುದು; ಆದುದರಿಂದ ಬಲ್ಲ ಯಜಮಾನರು ಎಣ್ಣೆಸ್ನಾನದಂತೆ ಗ್ರೀಸಿಗೂ ದಿನ ಗೊತ್ತುಮಾಡಿಕೊಂಡಿರುತ್ತಿದ್ದರು. ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ಹೊಸ ಭಾಗಗಳು, ಶಿವಾಜಿನಗರದ ಗುಜರಿಯಲ್ಲಿ ಹಳೆಯ ಭಾಗಗಳು. ಇವೆರಡರ ನಡುವೆ ದೊರೆಯದ ತುಂಡು ಇರಲಿಲ್ಲ.

ರಿಪೇರಿ ಸುಲಭವೆಂಬುದನ್ನು ಹೊಗಳುವವರು ಅದು ಪದೇ ಪದೇ ಬೇಕಾಗುತ್ತಿತ್ತೆಂಬುದನ್ನು ಮರೆಯುವುದುಂಟು. ಕಾರ್ಖಾನೆಯಿಂದ ಬಂದ ಹೊಸ ಗಾಡಿಯನ್ನೇ ಮೊದಲು ಮೇಸ್ತ್ರಿಯ ಬಳಿಗೆ ಒಯ್ದು ತಿರುಪುಗಳನ್ನೆಲ್ಲ ಬಿಗಿಸಿಕೊಳ್ಳುವ ಪದ್ಧತಿಯೂ ಇತ್ತು. ಕಾರ್ಖಾನೆಯು ಮಾಡದೆ ಬಿಟ್ಟ ಕೆಲಸವನ್ನು ಬೀದಿಯ ಬದಿಯ ಮೇಸ್ತ್ರಿಯು ಮಾಡಿ ಮುಗಿಸಿದನು. ಕೂಲಿಯನ್ನು ಕೊಂಡವನು ಕೊಟ್ಟನು. ಆ ಮೇಸ್ತ್ರಿಯ ಹೆಸರು ಯಾವ ಕಂಪನಿಯ ವಾರ್ಷಿಕ ವರದಿಯಲ್ಲಿಯೂ ಇಲ್ಲ.

ಪೆಟ್ರೋಲಿನ ಲೆಕ್ಕವೂ ಹೀಗೆಯೇ. ಮೊದಲು ಗ್ಯಾಲನ್ನಿಗೆ ಇಷ್ಟು ಮೈಲಿಯೆಂದು ಹೇಳುತ್ತಿದ್ದರು. ಮೆಟ್ರಿಕ್ ಅಳತೆ ಬಂದ ಮೇಲೆ ಗ್ಯಾಲನ್ನೂ ಹೋಯಿತು, ಮೈಲಿಯೂ ಹೋಯಿತು, ಮೈಲೇಜು ಎಂಬ ಮಾತು ಮಾತ್ರ ನಮ್ಮ ಜನರ ಬಾಯಲ್ಲಿ ಉಳಿದುಕೊಂಡಿತು. ಅಂಬಾಸಿಡರಿನ ಮೈಲೇಜು ಸಾಮಾನ್ಯವಾಗಿ ಲೀಟರಿಗೆ ಎಂಟರಿಂದ ಹತ್ತು ಕಿಲೋಮೀಟರು. ಗಾಡಿಯ ತೂಕ ಹನ್ನೊಂದು ಕ್ವಿಂಟಲಿಗೆ ಕಡಮೆಯಿರಲಿಲ್ಲ. ನಮ್ಮಲ್ಲಿ ದೊರೆಯುತ್ತಿದ್ದ ಪೆಟ್ರೋಲು ಕೆಳದರ್ಜೆಯದಾದುದರಿಂದ ಎಂಜಿನಿನೊಳಗಿನ ಒತ್ತಡದ ಪ್ರಮಾಣವನ್ನೂ ಕಡಮೆಯಿಟ್ಟಿದ್ದರು; ಒತ್ತಡ ಕಡಮೆಯಾದಷ್ಟೂ ಅದೇ ಪೆಟ್ರೋಲಿನಿಂದ ದೊರೆಯುವ ಕೆಲಸ ಕಡಮೆ. ಇದರ ಮೇಲೆ ಎಸ್. ಯು. ಕಾರ್ಬುರೇಟರಿನ ಸೂಜಿ ಸವೆಯಿತೆಂದರೆ ಪೆಟ್ರೋಲು ಬೇಕಾದುದಕ್ಕಿಂತ ಹೆಚ್ಚು ಹರಿದು, ಹೊಗೆನಳಿಗೆ ಕಪ್ಪಾಗಿ, ಏಳು ಕಿಲೋಮೀಟರಿಗೂ ಇಳಿಯುತ್ತಿತ್ತು. ೧೯೭೩ರ ಅಕ್ಟೋಬರಿನಲ್ಲಿ ಅರಬರ ಎಣ್ಣೆಯ ನಿರ್ಬಂಧ ಬಂದು ಪೆಟ್ರೋಲಿನ ಬೆಲೆ ಏರಿದಾಗ ಇದರ ಬಿಸಿ ಎಲ್ಲರಿಗೂ ತಾಗಿತು. ಟ್ಯಾಕ್ಸಿಯವರಲ್ಲಿ ಕೆಲವರು ಸೀಮೆಎಣ್ಣೆ ಬೆರೆಸಿದರು. ಮತ್ತೆ ಕೆಲವರು ಮುಂದೆ ಮಟಡಾರ್ ವ್ಯಾನಿನ ಡೀಸೆಲ್ ಎಂಜಿನನ್ನೇ ತಂದು ಇದರೊಳಗೆ ಕೂರಿಸಿದರು. ಕಂಪನಿಯೂ ೧೯೮೦ರಲ್ಲಿ ಡೀಸೆಲ್ ಅಂಬಾಸಿಡರನ್ನು ಹೊರತಂದಿತು. ಭಾರತದಲ್ಲಿ ತಯಾರಾದ ಮೊದಲ ಡೀಸೆಲ್ ಕಾರು ಅದೇ. ಅದರ ಶಕ್ತಿ ಸುಮಾರು ೩೭ ಅಶ್ವಬಲ ಮಾತ್ರ; ಏರಿನಲ್ಲಿ ಅದರ ಹಿಂದೆ ಸಿಕ್ಕಿಕೊಂಡ ಬಸ್ಸಿನವರ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಸಣ್ಣ ಕಾರೊಂದು ಬೇಕೆಂಬ ಮಾತು ಹೊಸದಲ್ಲ. ಕಡಮೆ ಬೆಲೆಯ ಕಾರನ್ನು ಕುರಿತು ಝಾ ಸಮಿತಿ ೧೯೬೦ರಷ್ಟು ಹಿಂದೆಯೇ ಸರ್ಕಾರಕ್ಕೆ ವರದಿ ಒಪ್ಪಿಸಿತ್ತು. ಆ ಕಾರು ಬಂದದ್ದು ೧೯೮೩ರ ಡಿಸೆಂಬರ್ ೧೪ರಂದು, ಮಾರುತಿ ೮೦೦ ಎಂಬ ಹೆಸರಿನಲ್ಲಿ, ಜಪಾನಿನ ಸುಜುಕಿಯವರ ಸಹಾಯದಿಂದ. ೭೯೬ ಘನ ಸೆಂಟಿಮೀಟರು, ಮೂರು ಸಿಲಿಂಡರು, ಅಂಬಾಸಿಡರಿನ ಅರ್ಧಕ್ಕಿಂತ ತುಸು ಹೆಚ್ಚು ತೂಕ. ಲೀಟರಿಗೆ ಹದಿನೆಂಟು ಕಿಲೋಮೀಟರೆಂದೇ ಇಟ್ಟುಕೊಳ್ಳೋಣ. ವರ್ಷಕ್ಕೆ ೧೨,೦೦೦ ಕಿಲೋಮೀಟರು ಓಡಿಸುವ ಗೃಹಸ್ಥನಿಗೆ, ಒಂಬತ್ತು ಕಿಲೋಮೀಟರು ಕೊಡುವ ಗಾಡಿಯಲ್ಲಿ ೧,೩೩೩ ಲೀಟರು, ಇದರಲ್ಲಿ ೬೬೭ ಲೀಟರು. ಮೊದಲ ವರದಿಗೂ ಈ ಗಾಡಿಗೂ ನಡುವೆ ಇಪ್ಪತ್ತಮೂರು ವರ್ಷ. ಅಷ್ಟು ಕಾಲ ಅಷ್ಟು ಗಾಡಿಗಳಲ್ಲಿ ವ್ಯರ್ಥವಾಗಿ ಉರಿದ ಪೆಟ್ರೋಲನ್ನು ವಾಚಕರೇ ಊಹಿಸಿಕೊಳ್ಳಬಹುದು. ಅದರ ಬಹುಭಾಗ ಪರದೇಶದಿಂದ ತಂದ ಎಣ್ಣೆ. ಸ್ವದೇಶಿಯೆಂಬ ಕಾರಣದಿಂದ ರಕ್ಷಣೆ ಪಡೆದ ಗಾಡಿಯೊಂದು ಪರದೇಶದ ಎಣ್ಣೆಯನ್ನು ಇಮ್ಮಡಿಯಾಗಿ ಕುಡಿಯಿತು.

ಆದರೂ ಅಂಬಾಸಿಡರು ಕೂಡಲೆ ಅಳಿಯಲಿಲ್ಲ. ಅಧಿಕಾರಿಗಳ ಬಿಳಿಯ ಕಾರಾಗಿ, ಊರಿನ ಬಾಡಿಗೆ ಕಾರಾಗಿ ಅದು ಉಳಿಯಿತು. ೧೯೯೦ರ ದಶಕದ ಆದಿಯಲ್ಲಿ ಇಸುಜು ಕಂಪನಿಯ ೧.೮ ಲೀಟರಿನ ಎಂಜಿನನ್ನೂ ಐದು ಗೇರುಗಳ ಪೆಟ್ಟಿಗೆಯನ್ನೂ ಪಡೆದು ಓಟದಲ್ಲಿ ಹೊಸ ಹುರುಪನ್ನು ತೋರಿತು. ಆದರೆ ಮೈ ಹಳೆಯದೇ. ಫಿಯಟ್ಟಿನ ವಂಶದ ಪದ್ಮಿನಿಯು ೨೦೦೦ದ ಹೊತ್ತಿಗೆ ಕಣ್ಮರೆಯಾಯಿತು. ೨೦೧೦ರ ಏಪ್ರಿಲಿನಲ್ಲಿ ಬೆಂಗಳೂರೂ ಸೇರಿ ಹದಿಮೂರು ನಗರಗಳಲ್ಲಿ ಹೊಗೆಯ ಹೊಸ ನಿಯಮಗಳು ಜಾರಿಗೆ ಬಂದು, ಡೀಸೆಲ್ ಅಂಬಾಸಿಡರಿಗೆ ಆ ಪೇಟೆಗಳು ಮುಚ್ಚಿದವು. ಕಡೆಗಾಲದಲ್ಲಿ ಉತ್ತರಪಾಡಾದ ಎರಡು ಸಾವಿರಕ್ಕೆ ಮೇಲ್ಪಟ್ಟ ಕೆಲಸಗಾರರ ಕೈಯಿಂದ ದಿನಕ್ಕೆ ಐದು ಕಾರುಗಳು ಮಾತ್ರ ಹೊರಬೀಳುತ್ತಿದ್ದವು. ೨೦೧೪ರ ಮೇ ೨೪ರಂದು ಕಾರ್ಖಾನೆಯ ಬಾಗಿಲಿನಲ್ಲಿ ಕೆಲಸ ನಿಲ್ಲಿಸಿರುವ ನೋಟೀಸು ಕಂಡಿತು. ಅದನ್ನು ಸೋಲಿಸಿದ ಮಾರುತಿ ೮೦೦ ಕೂಡ ಅದೇ ವರ್ಷದ ಜನವರಿಯಲ್ಲಿಯೇ ತಯಾರಿಕೆಯಿಂದ ನಿಂತುಹೋಗಿತ್ತು. ೨೦೧೭ರಲ್ಲಿ ಅಂಬಾಸಿಡರ್ ಎಂಬ ಹೆಸರನ್ನು ಮಾತ್ರ ಫ್ರಾನ್ಸಿನ ಪ್ಯೂಜೊ ಕಂಪನಿಯವರು ೮೦ ಕೋಟಿ ರೂಪಾಯಿಗೆ ಕೊಂಡುಕೊಂಡರು.