ಬಿಡಿಭಾಗಗಳನ್ನು ಮಾತನಾಡಿಸಿದವರು: ಲಿನಕ್ಸಿನ ಮೊದಲ ವರ್ಷಗಳು

ಗಣಕದ ಗುಂಡಿ ಒತ್ತಿದರೆ ಪರದೆ ಬೆಳಗುತ್ತದೆ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರ ಪರದೆಯ ಮೇಲೆ ಮೂಡುತ್ತದೆ. ಪ್ರಿಂಟರಿಗೆ ಕಳುಹಿಸಿದ ಪುಟ ಹೊರಗೆ ಬರುತ್ತದೆ. ಇದೆಲ್ಲ ಸಹಜವೆಂದೇ ನಾವು ತಿಳಿದಿದ್ದೇವೆ. ಆದರೆ ಈ ಪರದೆ, ಕೀಲಿಮಣೆ, ಡಿಸ್ಕ್, ಪ್ರಿಂಟರುಗಳು ಬೇರೆ ಬೇರೆ ಕಾರ್ಖಾನೆಗಳಲ್ಲಿ ತಯಾರಾದವು. ಒಂದೊಂದಕ್ಕೂ ತನ್ನದೇ ಆದ ಆಜ್ಞೆಗಳುಂಟು. ಇವೆಲ್ಲವನ್ನೂ ಒಟ್ಟುಗೂಡಿಸಿ ದುಡಿಸುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ ಅಥವಾ ಕಾರ್ಯಾಚರಣೆ ವ್ಯವಸ್ಥೆ. ಅದರ ತಿರುಳಿಗೆ ಕರ್ನೆಲ್ ಎಂದು ಹೆಸರು. ಒಂದೊಂದು ಉಪಕರಣದ ಆಜ್ಞೆಗಳನ್ನು ಬಲ್ಲ ಕ್ರಮವಿಧಿಗೆ ಡ್ರೈವರ್ ಅಥವಾ ಚಾಲಕ ಎನ್ನುತ್ತಾರೆ.

ದೊಡ್ಡ ಕಂಪನಿಯ ಕಾರ್ಯಾಚರಣೆ ವ್ಯವಸ್ಥೆಯಾದರೆ ಉಪಕರಣ ತಯಾರಕರು ತಾವಾಗಿಯೇ ಚಾಲಕಗಳನ್ನು ಬರೆದುಕೊಡುತ್ತಾರೆ. ಅವರ ವ್ಯಾಪಾರ ನಡೆಯಬೇಕಲ್ಲ! ಆದರೆ ಹಣವೂ ಕಚೇರಿಯೂ ಇಲ್ಲದ ಒಂದು ಹೊಸ ವ್ಯವಸ್ಥೆ ಹುಟ್ಟಿದಾಗ ಅದಕ್ಕೆ ಚಾಲಕಗಳನ್ನು ಬರೆದುಕೊಡುವವರು ಯಾರು? ಲಿನಕ್ಸಿನ ಮೊದಲ ಐದಾರು ವರ್ಷಗಳ ಇತಿಹಾಸ ಬಹುಮಟ್ಟಿಗೆ ಈ ಪ್ರಶ್ನೆಗೆ ದೊರೆತ ಉತ್ತರದ ಇತಿಹಾಸ.

ಒಂದು ಪ್ರಿಂಟರಿನ ತಕರಾರು

ಕಥೆ ಲಿನಕ್ಸಿಗಿಂತ ಹಿಂದಿನಿಂದ ಆರಂಭವಾಗುತ್ತದೆ. 1980ರ ಸುಮಾರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಒಂದು ಲೇಸರ್ ಪ್ರಿಂಟರ್ ಬಂದಿತು. ಹಿಂದಿನ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ, ಪುಟಕ್ಕಾಗಿ ಕಾಯುತ್ತಿದ್ದವರ ಪರದೆಗೆ ಸೂಚನೆ ಬರುವಂತೆ ಅಲ್ಲಿನ ರಿಚರ್ಡ್ ಸ್ಟಾಲ್‌ಮನ್ ತಂತ್ರಾಂಶವನ್ನು ತಿದ್ದಿದ್ದರು. ಹೊಸ ಪ್ರಿಂಟರಿಗೂ ಹಾಗೆಯೇ ಮಾಡಲು ಹೊರಟರೆ, ಅದರ ತಂತ್ರಾಂಶದ ಮೂಲ ಬರಹವೇ ಸಿಗಲಿಲ್ಲ. ಅದನ್ನು ಇಟ್ಟುಕೊಂಡಿದ್ದ ಬೇರೊಂದು ವಿಶ್ವವಿದ್ಯಾನಿಲಯದ ಸಂಶೋಧಕರು ಗುಟ್ಟು ಕಾಪಾಡುವ ಕರಾರಿಗೆ ಸಹಿ ಹಾಕಿದ್ದರಿಂದ ಕೊಡಲು ಒಪ್ಪಲಿಲ್ಲ.

ಪ್ರಿಂಟರು ಎದುರಿಗೇ ಇದೆ, ಅದನ್ನು ಸರಿಪಡಿಸುವ ವಿದ್ಯೆಯೂ ಇದೆ, ಆದರೆ ಅದರ ಒಳಗಿನ ತಿಳಿವು ಮಾತ್ರ ಬೀಗದೊಳಗೆ! ಸ್ಟಾಲ್‌ಮನ್ ಅವರ ಮುಂದಿನ ದಾರಿಯನ್ನು ರೂಪಿಸಿದ ಅನುಭವಗಳಲ್ಲಿ ಇದೂ ಒಂದು. 1983ರ ಸೆಪ್ಟೆಂಬರಿನಲ್ಲಿ ಅವರು ಗ್ನೂ ಯೋಜನೆಯನ್ನು ಘೋಷಿಸಿದರು. ಯಾರು ಬೇಕಾದರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಒಂದು ಪೂರ್ಣ ವ್ಯವಸ್ಥೆಯನ್ನು ಕಟ್ಟುವುದು ಅದರ ಗುರಿ. 1990ರ ಹೊತ್ತಿಗೆ ಕ್ರಮವಿಧಿಗಳನ್ನು ಯಂತ್ರಭಾಷೆಗೆ ತಿರುಗಿಸುವ ಜಿಸಿಸಿ, ಆಜ್ಞೆಗಳನ್ನು ಪಡೆಯುವ ಬ್ಯಾಶ್ ಮೊದಲಾದ ಸಲಕರಣೆಗಳು ಸಿದ್ಧವಾಗಿದ್ದವು. ಬಳಸಲು ಬರುವಂಥ ಕರ್ನೆಲ್ ಮಾತ್ರ ಇರಲಿಲ್ಲ.

ಹೆಲ್ಸಿಂಕಿಯ ವಿದ್ಯಾರ್ಥಿ

1991ರ ಜನವರಿಯಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಒಂದು ಗಣಕ ಕೊಂಡರು. ಆಗ ಅವರಿಗೆ 21 ವರ್ಷ. ಗಣಕದಲ್ಲಿದ್ದುದು ಇಂಟೆಲ್ 386 ಪ್ರೊಸೆಸರ್, 4 ಮೆಗಾಬೈಟ್ ಸ್ಮರಣೆ. ಅದರ ಮೇಲೆ ಅವರು ಮಿನಿಕ್ಸ್ ಎಂಬ ವ್ಯವಸ್ಥೆಯನ್ನು ಹಾಕಿಕೊಂಡರು. ಅದು ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟ್ಯಾನೆನ್‌ಬಾಮ್ ಪಾಠ ಹೇಳಲೆಂದು 1987ರಲ್ಲಿ ಹೊರತಂದ ಪುಟ್ಟ ವ್ಯವಸ್ಥೆ.

ಮನೆಯಿಂದಲೇ ವಿಶ್ವವಿದ್ಯಾನಿಲಯದ ಗಣಕವನ್ನು ಮೋಡೆಮ್ ಮೂಲಕ ಸಂಪರ್ಕಿಸಲು ಟೊರ್ವಾಲ್ಡ್ಸ್ ಒಂದು ಕ್ರಮವಿಧಿ ಬರೆಯತೊಡಗಿದರು. ಅಲ್ಲಿಂದ ಬಂದ ಕಡತಗಳನ್ನು ಉಳಿಸಿಕೊಳ್ಳಬೇಕೆನಿಸಿತು. ಅದಕ್ಕೆ ಡಿಸ್ಕಿನ ಚಾಲಕ ಬೇಕು. ಕಡತಗಳನ್ನು ಡಿಸ್ಕಿನಲ್ಲಿ ಜೋಡಿಸುವ ಪದ್ಧತಿ ಬೇಕು. ಒಂದೊಂದನ್ನೇ ಸೇರಿಸುತ್ತ ಹೋದಂತೆ ಅದು ಕಾರ್ಯಾಚರಣೆ ವ್ಯವಸ್ಥೆಯ ರೂಪವನ್ನೇ ತಾಳಿತು. 1991ರ ಆಗಸ್ಟ್ 25ರಂದು ಅವರು ಮಿನಿಕ್ಸ್ ಬಳಕೆದಾರರಿಗೆ ಈ ಸುದ್ದಿ ತಿಳಿಸಿದರು. ಇದೊಂದು ಹವ್ಯಾಸವಷ್ಟೇ ಎಂದರು. ತಮ್ಮ ಬಳಿ ಇರುವುದು ಎಟಿ ಮಾದರಿಯ ಹಾರ್ಡ್ ಡಿಸ್ಕ್ ಮಾತ್ರ, ಆದ್ದರಿಂದ ಬೇರೆ ಡಿಸ್ಕುಗಳಲ್ಲಿ ಇದು ಬಹುಶಃ ಎಂದೂ ನಡೆಯಲಾರದು ಎಂದೂ ಹೇಳಿಕೊಂಡರು.

ಸೆಪ್ಟೆಂಬರಿನಲ್ಲಿ ಹೊರಬಂದ 0.01 ಆವೃತ್ತಿಯಲ್ಲಿ ಇದ್ದುದು ಸುಮಾರು 10,000 ಸಾಲುಗಳು. ಅದರ ಕೀಲಿಮಣೆ ಫಿನ್ನಿಷ್ ಭಾಷೆಯದು! ಫ್ಲಾಪಿಗೆ ಚಾಲಕವೇ ಇರಲಿಲ್ಲ. ಅದನ್ನು ಸಿದ್ಧಪಡಿಸಲು ಮಿನಿಕ್ಸ್ ಇರುವ ಗಣಕವೇ ಬೇಕಿತ್ತು. ಒಮ್ಮೆ ಟೊರ್ವಾಲ್ಡ್ಸ್ ಮೋಡೆಮಿಗೆ ಹೋಗಬೇಕಾಗಿದ್ದ ದೂರವಾಣಿ ಆಜ್ಞೆಯನ್ನು ಕೈತಪ್ಪಿ ಹಾರ್ಡ್ ಡಿಸ್ಕಿಗೇ ಕಳುಹಿಸಿಬಿಟ್ಟರು. ಡಿಸ್ಕಿನಲ್ಲಿದ್ದ ಮಿನಿಕ್ಸ್ ಕೆಟ್ಟುಹೋಯಿತು. ಅದನ್ನು ಮತ್ತೆ ಹಾಕಿಕೊಳ್ಳುವ ಬದಲು, ತಮ್ಮ ವ್ಯವಸ್ಥೆಯನ್ನೇ ಪೂರ್ಣ ಮಾಡಿಕೊಳ್ಳುವುದೆಂದು ಅವರು ನಿಶ್ಚಯಿಸಿದರು.

ಇಲ್ಲದವನೇ ಬರೆಯಬೇಕು

ಒಬ್ಬನ ಗಣಕದಲ್ಲಿ ನಡೆಯುವ ವ್ಯವಸ್ಥೆ ಸಾವಿರಾರು ಜನರ ಗಣಕಗಳಲ್ಲಿ ನಡೆಯುವಂತಾದುದು ಹೇಗೆ? ಮೂಲ ಬರಹ ಎಲ್ಲರ ಕೈಗೂ ಸಿಕ್ಕಿದ್ದೇ ಕಾರಣ. ತನ್ನ ಗಣಕದ ಯಾವುದಾದರೂ ಭಾಗ ಕೆಲಸ ಮಾಡದಿದ್ದರೆ, ಬಲ್ಲವನು ತಾನೇ ಚಾಲಕ ಬರೆದು ಟೊರ್ವಾಲ್ಡ್ಸ್ ಅವರಿಗೆ ಕಳುಹಿಸುತ್ತಿದ್ದ. ಬರೆಯಲಾರದವನು ದೋಷವನ್ನು ವಿವರಿಸಿ ತಿಳಿಸುತ್ತಿದ್ದ. 1991ರ ಕೊನೆಗೆ ಜರ್ಮನಿಯ ಬಳಕೆದಾರರೊಬ್ಬರು ತಮ್ಮ ಗಣಕದಲ್ಲಿ 2 ಮೆಗಾಬೈಟ್ ಸ್ಮರಣೆ ಮಾತ್ರ ಇರುವುದರಿಂದ ಕರ್ನೆಲನ್ನು ಸಿದ್ಧಪಡಿಸಲು ಆಗುತ್ತಿಲ್ಲವೆಂದು ತಿಳಿಸಿದರು. ಕ್ರಿಸ್‌ಮಸ್ ರಜೆಯಲ್ಲಿ ಟೊರ್ವಾಲ್ಡ್ಸ್, ಸ್ಮರಣೆ ಸಾಲದಾದಾಗ ಡಿಸ್ಕನ್ನೇ ಸ್ಮರಣೆಯಂತೆ ಬಳಸುವ ಸೌಲಭ್ಯವನ್ನು ಸೇರಿಸಿದರು.

1992ರ ಆರಂಭದಲ್ಲಿ 0.12 ಆವೃತ್ತಿಯೊಂದಿಗೆ ಲಿನಕ್ಸ್ ಗ್ನೂ ಯೋಜನೆಯ ಜಿಪಿಎಲ್ ಪರವಾನಗಿಗೆ ಬದಲಾಯಿತು. ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯ ಮೂಲ ಬರಹವನ್ನೂ ಕೊಡಬೇಕು ಎಂಬುದು ಇದರ ಷರತ್ತು. ತಾನು ಬರೆದುಕೊಟ್ಟ ಚಾಲಕವನ್ನು ನಾಳೆ ಯಾರೋ ಬೀಗ ಹಾಕಿ ಮಾರುತ್ತಾರೆಂಬ ಭಯ ಹೀಗೆ ದೂರವಾಯಿತು.

ಜಾಲ ಸಂಪರ್ಕದ ಈಥರ್‌ನೆಟ್ ಕಾರ್ಡುಗಳಿಗೆ ಡೊನಾಲ್ಡ್ ಬೆಕರ್ ಒಂದರ ಹಿಂದೊಂದು ಚಾಲಕಗಳನ್ನು ಬರೆದರು. 1994ರಲ್ಲಿ ನಾಸಾ ಸಂಸ್ಥೆಯ ಗೊಡಾರ್ಡ್ ಕೇಂದ್ರದಲ್ಲಿ ಅವರು ಮತ್ತು ಥಾಮಸ್ ಸ್ಟರ್ಲಿಂಗ್ 16 ಸಾಧಾರಣ ಗಣಕಗಳನ್ನು ಇಂಥ ಕಾರ್ಡುಗಳಿಂದ ಜೋಡಿಸಿ, ಒಂದೇ ದೊಡ್ಡ ಗಣಕದಂತೆ ದುಡಿಸಿದರು. ಬೇವುಲ್ಫ್ ಎಂದು ಹೆಸರಾದುದು ಇದೇ.

ಕಾರ್ಡು, ಜಂಪರು, ಪರದೆ

ಆ ಕಾಲದಲ್ಲಿ ಲಿನಕ್ಸ್ ಹಾಕಿಕೊಳ್ಳುವುದು ಸುಲಭದ ಮಾತಾಗಿರಲಿಲ್ಲ. ಗಣಕದೊಳಗೆ ಸೇರಿಸುವ ಪ್ರತಿಯೊಂದು ಕಾರ್ಡಿಗೂ ಒಂದು ವಿಳಾಸ ಬೇಕು. ಜೊತೆಗೆ ಪ್ರೊಸೆಸರಿನ ಗಮನ ಸೆಳೆಯಲು ಒಂದು ತಂತಿ ಬೇಕು. ಇಂಥ ತಂತಿಗಳು ಇದ್ದುದು 16 ಮಾತ್ರ, ಅವುಗಳಲ್ಲಿಯೂ ಹಲವು ಮೊದಲೇ ಹಂಚಿಹೋಗಿದ್ದವು. ಕಾರ್ಡಿನ ಮೇಲಿನ ಜಂಪರ್ ಎಂಬ ಪುಟ್ಟ ಬಿರಡೆಗಳನ್ನು ಕೈಯಿಂದ ಕಿತ್ತು ಬೇರೆಡೆಗೆ ಸಿಕ್ಕಿಸಿ ತಂತಿಯನ್ನು ಆರಿಸಬೇಕಾಗಿತ್ತು. ಧ್ವನಿಯ ಕಾರ್ಡೂ ಜಾಲದ ಕಾರ್ಡೂ ಒಂದೇ ತಂತಿಗೆ ಬಿದ್ದರೆ ಎರಡೂ ಕೆಡುತ್ತಿದ್ದವು. ಯಾವ ವಿಳಾಸದಲ್ಲಿ ಯಾವ ಕಾರ್ಡು ಇದೆಯೆಂದು ಕರ್ನೆಲ್ ತಾನೇ ತಡಕಿ ನೋಡಬಹುದಿತ್ತು. ಆದರೆ ತಪ್ಪು ವಿಳಾಸವನ್ನು ತಟ್ಟಿದರೆ ಬೇರೊಂದು ಕಾರ್ಡು ಗೊಂದಲಕ್ಕೆ ಬಿದ್ದು ಗಣಕವೇ ಸ್ತಬ್ಧವಾಗುವುದೂ ಉಂಟು.

ಇನ್ನು ಚಿತ್ರರೂಪದ ಪರದೆ. 1992ರಲ್ಲಿ ಒರೆಸ್ಟ್ ಜ್ಬೊರೊವ್‌ಸ್ಕಿ ಎಂಬುವರು ಎಕ್ಸ್ ವಿಂಡೋ ಎಂಬ ಚಿತ್ರವ್ಯವಸ್ಥೆಯನ್ನು ಲಿನಕ್ಸಿಗೆ ತಂದರು. ಆದರೆ ಅದು ಪ್ರತಿಯೊಬ್ಬರ ಪರದೆಗೂ ಹೊಂದಬೇಕಲ್ಲ? ದೂರದರ್ಶನದ ಉದಾಹರಣೆಯಿಂದ ಇದನ್ನು ತಿಳಿಯಬಹುದು. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಚಿತ್ರವೊಂದಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಎಂದರೆ ಸೆಕೆಂಡಿಗೆ 15,625 ಗೆರೆಗಳು. ಎಲ್ಲರೂ ಇದಕ್ಕೆ ಬದ್ಧರಾದ್ದರಿಂದ ಯಾವ ಕಂಪನಿಯ ಟೀವಿಯಲ್ಲಾದರೂ ಕಾರ್ಯಕ್ರಮ ಮೂಡುತ್ತಿತ್ತು. ಗಣಕದ ಪರದೆಗಳಿಗೆ ಹೀಗೆ ಒಂದೇ ಕಟ್ಟುಪಾಡಿರಲಿಲ್ಲ. ಸಾಮಾನ್ಯ ವಿಜಿಎ ಪರದೆ ಸೆಕೆಂಡಿಗೆ ಸುಮಾರು 31,500 ಗೆರೆಗಳನ್ನು ಬರೆಯುತ್ತಿತ್ತು. ಹೆಚ್ಚು ಬೆಲೆಯವು ಇನ್ನೂ ವೇಗವಾಗಿ. ಲಿನಕ್ಸ್ ಬಳಕೆದಾರರು ಪರದೆಯ ಕೈಪಿಡಿ ನೋಡಿ, ಲೆಕ್ಕ ಹಾಕಿ, ಈ ಅಂಕಿಗಳನ್ನು ಒಂದು ಕಡತದಲ್ಲಿ ಬರೆಯಬೇಕಿತ್ತು. ಲೆಕ್ಕ ತಪ್ಪಿದರೆ ಚಿತ್ರ ಹರಿದು ಚೂರಾಗಿ ಕಾಣುತ್ತಿತ್ತು. ಹಳೆಯ ಪರದೆಗಳಲ್ಲಿ ಒಳಗಿನ ಮಂಡಲ ಕಾದು ಪರದೆಯೇ ಸುಟ್ಟುಹೋಗುವ ಅಪಾಯವೂ ಇತ್ತು.

ಕೈಪಿಡಿ ಇದ್ದವರಿಗೆ ಇಷ್ಟು ಕಷ್ಟ. ಕೆಲವು ತಯಾರಕರು ಕಾರ್ಡಿನ ವಿವರಗಳನ್ನೇ ಕೊಡುತ್ತಿರಲಿಲ್ಲ, ಕೊಟ್ಟರೂ ಗುಟ್ಟಿನ ಕರಾರಿಗೆ ಸಹಿ ಕೇಳುತ್ತಿದ್ದರು. ಎಲ್ಲರಿಗೂ ತೆರೆದ ಚಾಲಕದಲ್ಲಿ ಗುಟ್ಟು ಉಳಿಯುವುದು ಹೇಗೆ? ಅಂಥ ಕಾರ್ಡುಗಳು ಲಿನಕ್ಸಿನಲ್ಲಿ ನಡೆಯಲಿಲ್ಲ, ಇಲ್ಲವೆ ಯಾರಾದರೂ ಹೊರಗಿನಿಂದಲೇ ಪರೀಕ್ಷಿಸಿ ಅರ್ಥಮಾಡಿಕೊಳ್ಳಬೇಕಾಯಿತು.

ಹೀಗೆ ಹೊರಗಿನಿಂದ ಅರ್ಥಮಾಡಿಕೊಳ್ಳುವುದಕ್ಕೆ ಒಳ್ಳೆಯ ನಿದರ್ಶನ ಆಸ್ಟ್ರೇಲಿಯಾದ್ದು. ಕ್ಯಾನ್‌ಬೆರಾದ ಸಂಶೋಧನ ವಿದ್ಯಾರ್ಥಿ ಆಂಡ್ರ್ಯೂ ಟ್ರಿಜೆಲ್ ಜಾಲದಲ್ಲಿ ಎರಡು ಗಣಕಗಳ ನಡುವೆ ಹರಿಯುವ ಸಂದೇಶಗಳನ್ನು ಗಮನಿಸಿ, ಡಾಸ್ ಗಣಕಗಳು ಕಡತ ಹಂಚಿಕೊಳ್ಳುವ ಭಾಷೆಯನ್ನು ತಾವೇ ಕಂಡುಕೊಂಡರು. 1992ರಲ್ಲಿ ಅವರು ಪ್ರಕಟಿಸಿದ ಕ್ರಮವಿಧಿ ಮುಂದೆ ಸಾಂಬಾ ಎಂದು ಹೆಸರಾಯಿತು. ಅದರಿಂದ ಲಿನಕ್ಸ್ ಗಣಕ ವಿಂಡೋಸ್ ಗಣಕಗಳ ನಡುವೆ ಸಲೀಸಾಗಿ ಕೆಲಸ ಮಾಡುವಂತಾಯಿತು.

ತಂತ್ರಾಂಶಗಳು ಬಂದ ಬಗೆ

ಯಂತ್ರಾಂಶಕ್ಕಿಂತ ತಂತ್ರಾಂಶದ ಹಾದಿ ತುಸು ಸುಗಮವಾಗಿತ್ತು. ಕಡತ ತೆರೆ, ಓದು, ಬರೆ ಎಂದು ಕ್ರಮವಿಧಿಗಳು ಕರ್ನೆಲನ್ನು ಕೇಳುವ ರೀತಿಗೆ ಪೋಸಿಕ್ಸ್ ಎಂಬ ಪ್ರಕಟಿತ ಮಾನದಂಡವಿತ್ತು. ಟೊರ್ವಾಲ್ಡ್ಸ್ 1991ರ ಜುಲೈನಲ್ಲಿಯೇ ಅದರ ಪ್ರತಿಗಾಗಿ ವಿಚಾರಿಸಿದ್ದರು. ಅದು ಕೈಗೆ ಸಿಗದಿದ್ದಾಗ ವಿಶ್ವವಿದ್ಯಾನಿಲಯದ ಯುನಿಕ್ಸ್ ಕೈಪಿಡಿಗಳನ್ನು ನೋಡಿ ಅದೇ ಬಗೆಯ ಕರೆಗಳನ್ನು ಒಂದೊಂದಾಗಿ ಬರೆದರು. ಆದ್ದರಿಂದ ಯುನಿಕ್ಸಿಗೆಂದು ಬರೆದ ಎಷ್ಟೋ ಕ್ರಮವಿಧಿಗಳು ಅಲ್ಪ ತಿದ್ದುಪಡಿಯಿಂದ ಲಿನಕ್ಸಿನಲ್ಲಿಯೂ ನಡೆದವು. ಜಿಸಿಸಿ ಮತ್ತು ಬ್ಯಾಶ್ ಮೊದಲ ಘೋಷಣೆಗೆ ಮುಂಚೆಯೇ ನಡೆಯುತ್ತಿದ್ದವು. ಇವನ್ನೆಲ್ಲ ಒಂದು ಕಟ್ಟಾಗಿ ಫ್ಲಾಪಿಗಳಲ್ಲಿ, ಮುಂದೆ ಸಿಡಿಗಳಲ್ಲಿ ಕೊಡುವ ಸ್ಲಾಕ್‌ವೇರ್, ಡೆಬಿಯನ್ ವಿತರಣೆಗಳು 1993ರಲ್ಲಿ ಆರಂಭವಾದವು. 1994ರ ಮಾರ್ಚ್ 14ರಂದು 1.0 ಆವೃತ್ತಿ ಹೊರಬಂದಾಗ ಕರ್ನೆಲ್ 1,76,250 ಸಾಲುಗಳಿಗೆ ಬೆಳೆದಿತ್ತು.

1992ರ ಜನವರಿಯಲ್ಲಿಯೇ ಟ್ಯಾನೆನ್‌ಬಾಮ್, ಲಿನಕ್ಸ್ 386 ಪ್ರೊಸೆಸರಿಗೆ ಅಂಟಿಕೊಂಡಿದೆ ಎಂದು ಟೀಕಿಸಿದ್ದರು. ಆಗ ಆ ಮಾತು ನಿಜವೇ ಆಗಿತ್ತು. 1994ರಲ್ಲಿ ಡಿಜಿಟಲ್ ಕಂಪನಿಯ ಜಾನ್ ಹಾಲ್ ತಮ್ಮ ಕಂಪನಿಯ ಆಲ್ಫಾ ಗಣಕವೊಂದು ಟೊರ್ವಾಲ್ಡ್ಸ್ ಅವರಿಗೆ ದೊರೆಯುವಂತೆ ಮಾಡಿದರು. ಆ 64 ಬಿಟ್ ಯಂತ್ರಕ್ಕೆ ಹೊಂದಿಸುವಾಗ, ಯಂತ್ರಕ್ಕೆ ತಕ್ಕಂತೆ ಬದಲಾಗುವ ಭಾಗವನ್ನು ಉಳಿದ ಭಾಗದಿಂದ ಬೇರ್ಪಡಿಸಬೇಕಾಯಿತು. ಟೀಕೆಗೆ ಕೆಲಸದಿಂದಲೇ ಉತ್ತರ ದೊರೆಯಿತು.

ಬೆಂಗಳೂರಿನ ಒಂದು ಪ್ರಯತ್ನ

ಈ ಬೇರ್ಪಡಿಸುವಿಕೆಯ ಫಲ ನಮ್ಮ ನಾಡಿಗೂ ಬಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಬೆಂಗಳೂರಿನ ಎನ್‌ಕೋರ್ ಸಂಸ್ಥೆಯವರು ಸೇರಿ ಸಿಂಪ್ಯೂಟರ್ ಎಂಬ ಅಂಗೈ ಗಣಕವನ್ನು ರೂಪಿಸಿ 2001ರಲ್ಲಿ ಪರಿಚಯಿಸಿದರು. ಅದರಲ್ಲಿದ್ದುದು ಸ್ಟ್ರಾಂಗ್ ಆರ್ಮ್ ಪ್ರೊಸೆಸರ್, ಅದನ್ನು ನಡೆಸುತ್ತಿದ್ದುದು ಲಿನಕ್ಸ್. ಅವರು ಯಂತ್ರದ ವಿನ್ಯಾಸವನ್ನೂ ಒಂದು ಮುಕ್ತ ಪರವಾನಗಿಯಡಿ ಹಂಚಿದರು. ಮಾರಾಟ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ, ನಿಜ. ಆದರೂ ಹೊರಗಿನ ಯಾವ ಕಂಪನಿಯ ಅಪ್ಪಣೆಗೂ ಕಾಯದೆ ಇಲ್ಲಿಯೇ ರೂಪಿಸಿದ ಹೊಸ ಯಂತ್ರಕ್ಕೆ ಒಂದು ಪೂರ್ಣ ಕಾರ್ಯಾಚರಣೆ ವ್ಯವಸ್ಥೆಯನ್ನು ಹೊಂದಿಸಬಹುದೆಂಬುದು ರುಜುವಾಯಿತು.

ಪ್ರಶ್ನೆ ಮುಗಿದಿಲ್ಲ

2017ರ ನವೆಂಬರಿನಲ್ಲಿ ಪ್ರಕಟವಾದ ಜಗತ್ತಿನ 500 ಅತಿವೇಗದ ಗಣಕಗಳ ಪಟ್ಟಿಯಲ್ಲಿ ಪ್ರತಿಯೊಂದೂ ಲಿನಕ್ಸಿನಿಂದ ನಡೆಯುವಂಥದೇ ಆಗಿತ್ತು. ಆಂಡ್ರಾಯ್ಡ್ ದೂರವಾಣಿಯ ಒಳಗೂ ಇರುವುದು ಇದೇ ಕರ್ನೆಲ್. ಚಾಲಕಗಳನ್ನು ಬರೆಯುವವರಲ್ಲಿ ಇಂದು ಕಂಪನಿಗಳ ಎಂಜಿನಿಯರುಗಳೇ ಹೆಚ್ಚು. ಸಾಂಬಾ ಬರೆದವರಿಗೆ ಯೂರೋಪಿನ ಆಯೋಗ ಮತ್ತು ನ್ಯಾಯಾಲಯಗಳ ತೀರ್ಪಿನ ನಂತರ, 2007ರ ಡಿಸೆಂಬರಿನಲ್ಲಿ, ಮೈಕ್ರೋಸಾಫ್ಟಿನ ದಾಖಲೆಗಳು ಒಂದು ಒಪ್ಪಂದದ ಮೂಲಕ ದೊರೆತವು. ಚಿತ್ರಫಲಕ ತಯಾರಿಸುವ ಎನ್‌ವಿಡಿಯಾ ಕಂಪನಿ ತನ್ನ ಲಿನಕ್ಸ್ ಚಾಲಕದ ಕರ್ನೆಲ್ ಭಾಗದ ಮೂಲ ಬರಹವನ್ನು ಪ್ರಕಟಿಸಿದ್ದು 2022ರಲ್ಲಿ. ಪ್ರಿಂಟರಿನ ಮುಂದೆ ಸ್ಟಾಲ್‌ಮನ್ ಅವರಿಗೆ ಎದುರಾದ ಪ್ರಶ್ನೆ, ಎಂದರೆ ನಾವು ಹಣ ಕೊಟ್ಟು ತಂದ ಯಂತ್ರದ ಒಳಗಿನ ತಿಳಿವಿಗೆ ಹಕ್ಕುದಾರರು ಯಾರು ಎಂಬುದು, ನಾಲ್ಕು ದಶಕಗಳಾದರೂ ಪೂರ್ತಿ ಬಗೆಹರಿದಿಲ್ಲ.

ವಿದ್ಯಾರ್ಥಿ ಮಿತ್ರರೆ, ನಿಮ್ಮ ಶಾಲೆಯ ಅಥವಾ ಕಾಲೇಜಿನ ಪ್ರಯೋಗಾಲಯದಲ್ಲಿ ಲಿನಕ್ಸ್ ಗಣಕವಿದ್ದರೆ ಎಲ್‌ಎಸ್‌ಮಾಡ್ ಎಂಬ ಆಜ್ಞೆ ಕೊಟ್ಟು ನೋಡಿ. ಆ ಗಣಕದಲ್ಲಿ ಬೇಕೆಂದಾಗ ಸೇರಿಸಿಕೊಂಡ ಚಾಲಕಗಳೂ ಕರ್ನೆಲಿನ ಇತರ ತುಣುಕುಗಳೂ ಪಟ್ಟಿಯಾಗಿ ಬರುತ್ತವೆ. ಅವುಗಳಲ್ಲಿ ಒಂದು ಚಾಲಕವನ್ನು ಆರಿಸಿ ಕರ್ನೆಲಿನ ಮೂಲ ಬರಹದಲ್ಲಿ ಹುಡುಕಿ ತೆಗೆಯಿರಿ. ಕರ್ನೆಲಿನ ಸಾಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಚಾಲಕಗಳದೇ ಆದ್ದರಿಂದ ಹುಡುಕಲು ತುಸು ಸಮಯ ಹಿಡಿದೀತು. ಅನೇಕ ಕಡತಗಳ ಮೇಲ್ಭಾಗದಲ್ಲಿ ಬರೆದವರ ಹೆಸರೂ ವರ್ಷವೂ ಇರುತ್ತವೆ. ಕೆಳಗಿನ ಸಾಲುಗಳನ್ನು ಓದಿ ಎಷ್ಟು ಅರ್ಥವಾಗುತ್ತದೆಂದು ನೋಡಿ. ಅರ್ಥವಾಗದ ಸಾಲುಗಳನ್ನು ಬರೆದಿಟ್ಟುಕೊಂಡು ಅಧ್ಯಾಪಕರನ್ನು ಕೇಳಿ.