ಲಕ್ಕುಂಡಿಯ ಕಲ್ಲು, ಗೋಲಗುಮ್ಮಟದ ಸುಣ್ಣ

ಗದಗಿನ ಸಮೀಪದ ಲಕ್ಕುಂಡಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಕೆತ್ತನೆಯ ಜೊತೆಗೆ ಕಲ್ಲುಗಳ ಸಂದುಗಳನ್ನೂ ತೋರಿಸಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವಾಗಲಿ, ಕಾಶಿವಿಶ್ವನಾಥ ದೇಗುಲವಾಗಲಿ ಮೂಲತಃ ಗಾರೆಯಿಲ್ಲದ ಕಟ್ಟಡಗಳು. ನಯವಾಗಿ ಕಡೆದ ಕಲ್ಲುಗಳು ತಮ್ಮ ಭಾರದಿಂದಲೇ ಕೂತಿವೆ.

ಹಾಗೆಂದು ಚಾಲುಕ್ಯರ ಕಾಲದವರಿಗೆ ಸುಣ್ಣ ಗೊತ್ತಿರಲಿಲ್ಲವೆಂದಲ್ಲ. ತಾಂಬೂಲಕ್ಕೆ ಸುಣ್ಣ ಬೇಕೇ ಬೇಕು. ಆದರೆ ಅಗಲವಾದ ಗುಮ್ಮಟವನ್ನು ಸಣ್ಣ ಇಟ್ಟಿಗೆಗಳಿಂದ ಕಟ್ಟುವಾಗ ಅವನ್ನು ಬೆಸೆಯುವ ವಸ್ತು ಅನಿವಾರ್ಯ. 17ನೆಯ ಶತಮಾನದಲ್ಲಿ ವಿಜಾಪುರದ ಗೋಲಗುಮ್ಮಟ ಎದ್ದಾಗ, ಸುಮಾರು 44 ಮೀಟರ್ ಹೊರವ್ಯಾಸದ ಆ ಗುಮ್ಮಟವನ್ನು ಹಿಡಿದು ನಿಲ್ಲಿಸಿದ್ದು ಸುಣ್ಣದ ಗಾರೆ.

ಈ ಗಾರೆಯ ಗುಟ್ಟೇನು? ಸುಣ್ಣಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. 100 ಕಿಲೋಗ್ರಾಂ ಶುದ್ಧ ಸುಣ್ಣಕಲ್ಲಿನಿಂದ 56 ಕಿಲೋಗ್ರಾಂ ಸುಟ್ಟ ಸುಣ್ಣ ಸಿಗುತ್ತದೆ. ಇದು 18 ಕಿಲೋಗ್ರಾಂ ನೀರನ್ನು ಹೀರಿ 74 ಕಿಲೋಗ್ರಾಂ ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಗೋಡೆ ಸೇರಿದ ಮೇಲೆ ಅದು ಗಾಳಿಯಿಂದ ಕಾರ್ಬನ್ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. ಭಟ್ಟಿಯಲ್ಲಿ ಕಳೆದುಕೊಂಡದ್ದನ್ನು ಗೋಡೆಯಲ್ಲಿ ಮರಳಿ ಪಡೆಯುತ್ತದೆ!

ಗಾಳಿ ತಾಗದ ನೀರಿನೊಳಗೆ ಈ ಉಪಾಯ ಸಾಗದು. 1911ರಲ್ಲಿ ಆರಂಭವಾದ ಕನ್ನಂಬಾಡಿ ಅಣೆಕಟ್ಟೆಗೆ ಸುಣ್ಣದ ಜೊತೆ ಸುಟ್ಟ ಜೇಡಿಯ ಪುಡಿ, ಅಂದರೆ ಸುರ್ಕಿ ಬೆರೆಸಿದ ಗಾರೆ ಬಳಸಿದರು. ಸುರ್ಕಿಯ ಸಿಲಿಕಾ, ಅಲ್ಯುಮಿನಾಗಳು ಸುಣ್ಣದೊಡನೆ ವರ್ತಿಸುವುದರಿಂದ ಇಂಥ ಗಾರೆ ನೀರಿನಲ್ಲೂ ಗಟ್ಟಿಯಾಗುತ್ತದೆ.

ಮನೆ ಕಟ್ಟುವಲ್ಲಿ ಸಿಮೆಂಟು ಸುಣ್ಣದ ಜಾಗ ಹಿಡಿದರೂ ಕೈಗಾರಿಕೆಗಳು ಸುಣ್ಣವನ್ನು ಬಿಟ್ಟಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲನ್ನು ತಿಳಿಗೊಳಿಸಲು, ಚರ್ಮ ಹದಮಾಡುವ ಮುನ್ನ ಕೂದಲು ತೆಗೆಯಲು, ನೀರಿನ ಶುದ್ಧೀಕರಣಕ್ಕೆ, ಬ್ಲೀಚಿಂಗ್ ಪುಡಿಯ ತಯಾರಿಕೆಗೆ ಅರಳಿದ ಸುಣ್ಣ ಬೇಕು. ಹಳೆಯ ಸುಣ್ಣಗಾರೆ ಕಟ್ಟಡಗಳ ದುರಸ್ತಿಗೂ ಅದೇ ಹೊಂದುತ್ತದೆ. ಗಡುಸಾದ ಸಿಮೆಂಟು ತೇವವನ್ನು ಒಳಗೇ ತಡೆದು ಗೋಡೆಯನ್ನು ಕೆಡಿಸುತ್ತದೆ.

ಆದರೆ ಎಚ್ಚರ! ಸುಣ್ಣದ ತಿಳಿಯ ಪಿಎಚ್ ಸುಮಾರು 12.4. ಸುಟ್ಟ ಸುಣ್ಣ ಅರಳುವಾಗ ನೀರು ಕುದಿದು ಸಿಡಿಯಬಹುದು. ಆದ್ದರಿಂದ ಕಣ್ಣಿಗೆ ಕನ್ನಡಕ, ಕೈಗೆ ಗವಸು ಹಾಕಿಕೊಂಡು, ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಪುಡಿಯ ದೂಳನ್ನು ಉಸಿರಾಡಬಾರದು. ಮನೆಯಲ್ಲೂ ಅಪಾಯವಿದೆ. ಎಲೆ ಅಡಿಕೆಯ ಸುಣ್ಣದ ಪೊಟ್ಟಣವನ್ನು ಹಿಚುಕಿ ಕಣ್ಣಿಗೆ ಸಿಡಿಸಿಕೊಂಡು ದೃಷ್ಟಿ ಕಳೆದುಕೊಂಡ ಮಕ್ಕಳಿದ್ದಾರೆ. ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜದೆ, ಆ ಕ್ಷಣವೇ ರೆಪ್ಪೆ ಬಿಡಿಸಿ, ಶುದ್ಧ ನೀರಿನಿಂದ ಕನಿಷ್ಠ 20 ನಿಮಿಷ ತೊಳೆದು ವೈದ್ಯರ ಬಳಿಗೆ ಕರೆದೊಯ್ಯಿರಿ.

ಮುಂದಿನ ಸಲ ತರಗತಿಯಲ್ಲಿ ಸುಣ್ಣದ ತಿಳಿಗೆ ಉಸಿರೂದಿ ಅದು ಹಾಲಿನಂತಾಗುವುದನ್ನು ತೋರಿಸುವಾಗ ಗೋಲಗುಮ್ಮಟವನ್ನು ನೆನಪಿಸಿ. ಪ್ರನಾಳದಲ್ಲಿ ಕ್ಷಣಾರ್ಧದಲ್ಲಿ ನಡೆಯುವ ಕ್ರಿಯೆಯೇ ಅಲ್ಲಿಯ ಗಾರೆಯಲ್ಲಿ ವರ್ಷಗಟ್ಟಲೆ ನಡೆದಿದೆ.